ಅಪ್‌ಡೇಟ್: ಕರೆಂಟ್ ಒಲೆ ತಯಾರಿಸೋ ಕೆಲಸ ಶುರುವಾಯ್ತು

ಹುಬ್ಬಳ್ಳಿಯಲ್ಲಿ ಕಾಯಿಲ್ ಒಲೆ ಮಾಡಿ ಮಾರಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೆ. ಮೊದಲು ಐಎಸ್‌ಐ ಮಾರ್ಕ್ ನೋಡಿ ಅಂತ ಹಲವರು ಹೇಳಿದ್ರಿ. ತುಂಬಾ ಥ್ಯಾಂಕ್ಸ್, ಅದೇ ದೊಡ್ಡ ವಿಷಯ. ಎಲೆಕ್ಟ್ರಿಕ್ ಒಲೆಗೆ ಆ ಮಾರ್ಕ್ ಕಡ್ಡಾಯ. ಅದಿಲ್ಲದೆ ಒಂದೂ ಮಾರುವ ಹಾಗಿಲ್ಲ. ಹಾಗಾಗಿ ಈಗ ಸ್ಯಾಂಪಲ್ ಮಾತ್ರ ತಯಾರಾಗ್ತಿದೆ.

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡೋ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲೇ ಆಯ್ತು, ಅದಕ್ಕೆ ದುಡ್ಡಿಲ್ಲ. ಮಧ್ಯವರ್ತಿಗಳಿಗೆ ಸುಮ್ನೆ ಕೊಡಬೇಡಿ. ಪಿಎಂಇಜಿಪಿ, ಅಂದ್ರೆ ಹೊಸ ಸಣ್ಣ ಉದ್ಯಮಕ್ಕೆ ಸಬ್ಸಿಡಿ ಸಿಗೋ ಕೇಂದ್ರದ ಯೋಜನೆಯ ಸಾಲಕ್ಕೂ ಅರ್ಜಿ ಹಾಕಿದ್ದೇನೆ. ತಯಾರಿಕೆಗೆ 50 ಲಕ್ಷದವರೆಗಿನ ಯೋಜನೆಗೆ ಅವಕಾಶವಿದೆ.

2000 ವ್ಯಾಟ್ ಒಲೆ ಬೇಡ ಅಂತ ತೀರ್ಮಾನಿಸಿದೆ. 230 ವೋಲ್ಟ್‌ನಲ್ಲಿ ಅದು ಸುಮಾರು 8.7 ಆಂಪ್ ಎಳೆಯುತ್ತೆ, 16 ಆಂಪ್ ಸಾಕೆಟ್ಟೇ ಬೇಕು. ಬಾಡಿಗೆ ರೂಮುಗಳಲ್ಲಿ ಎಷ್ಟೋ ಕಡೆ ಅದಿರಲ್ಲ ಅಲ್ವಾ? 1000 ವ್ಯಾಟ್ ಆದ್ರೆ 4.3 ಆಂಪ್ ಸಾಕು, ಮಾಮೂಲಿ 6 ಆಂಪ್ ಸಾಕೆಟ್‌ನಲ್ಲೇ ನಡೆಯುತ್ತೆ. ಅಡುಗೆ ನಿಧಾನ, ಆದ್ರೆ ಪ್ಲಗ್ ಕರಗಲ್ಲ.

ನನಗೆ ಜಾಸ್ತಿ ಚಿಂತೆ ಅರ್ತಿಂಗ್‌ದು. ತೆರೆದ ನೈಕ್ರೋಮ್ ಸುರುಳಿ, ಮೇಲೆ ಕಬ್ಬಿಣದ ಪಾತ್ರೆ, ಹಾಲು ಉಕ್ಕಿದ್ರೆ ನೇರ ತಂತಿ ಮೇಲೇ. ಅದಕ್ಕೇ ಪಿಂಗಾಣಿ ತಟ್ಟೆಯಲ್ಲಿ ಸುರುಳಿ ಕೂರೋ ತೋಡನ್ನ ಆಳ ಮಾಡಿಸಿದ್ದೇವೆ. ಒಲೆಯ ಲೋಹದ ಮೈಯ ಬಣ್ಣ ಕೆರೆದು, ಮೂರನೇ ತಂತಿಯನ್ನ, ಅಂದ್ರೆ ಅರ್ತ್ ತಂತಿಯನ್ನ, ಅದಕ್ಕೇ ಬೋಲ್ಟ್ ಹಾಕಿ ಬಿಗಿಯುತ್ತೇವೆ. ಅರ್ತ್ ಇಲ್ಲದ ಎರಡು ಪಿನ್ ಪ್ಲಗ್ ಎಷ್ಟೇ ಅಗ್ಗವಾದ್ರೂ ಹಾಕಲ್ಲ.

ಈ ಪಿಂಗಾಣಿ ತಟ್ಟೆಗಳನ್ನ ಸಣ್ಣ ಲಾಟ್‌ನಲ್ಲಿ ಕೊಡೋರು ಉತ್ತರ ಕರ್ನಾಟಕದ ಕಡೆ ಯಾರಾದ್ರೂ ಗೊತ್ತಿದ್ರೆ ತಿಳಿಸಿ.