ಬೈಪಾಸ್ ಹಾದಿಯಲ್ಲೊಂದು ಬೂದಿದಿಬ್ಬ: ರಸ್ತೆಗೆ ಮುನ್ನ ನೆಲದ ಪರೀಕ್ಷೆ ಸಾಧ್ಯವೇ?

ಪ್ರಶ್ನೆ

ನಮ್ಮದು ಬಳ್ಳಾರಿ ಸೀಮೆಯ ಹಳ್ಳಿ. ರಾಷ್ಟ್ರೀಯ ಹೆದ್ದಾರಿಯ ಬೈಪಾಸಿಗಾಗಿ ಭೂಸ್ವಾಧೀನದ ಅಧಿಸೂಚನೆ ಕಳೆದ ವಾರ ಹೊರಬಿದ್ದಿದೆ. ಅಳತೆಯವರು ನೆಟ್ಟ ಗೂಟಗಳ ಸಾಲು ನಮ್ಮ ದೊಡ್ಡಪ್ಪನವರ ಹೊಲದ ಬೂದಿದಿಬ್ಬವನ್ನು ಬಿಟ್ಟು, ಅದರ ಅಂಚಿನಲ್ಲೇ ಹಾದುಹೋಗುತ್ತದೆ. ಮಳೆ ಬಂದುಹೋದ ಮೇಲೆ ಅಲ್ಲಿ ಬೂದುಬಣ್ಣದ ಬೋಕಿಗಳೂ (ಮಡಕೆಯ ಚೂರುಗಳೂ) ಕಬ್ಬಿಣದ ಕಿಟ್ಟದಂತೆ ಕರಗಿ ಗಟ್ಟಿಯಾದ ಉಂಡೆಗಳೂ ಕಾಣುತ್ತವೆ. ಹಿರಿಯರು ಅದನ್ನು ರಾಕ್ಷಸನನ್ನು ಸುಟ್ಟ ಜಾಗವೆನ್ನುತ್ತಾರೆ. ದಿಬ್ಬ ಯಾವ ಸಂರಕ್ಷಿತ ಪಟ್ಟಿಯಲ್ಲೂ ಇಲ್ಲ. ಕೆಲಸ ಶುರುವಾಗುವ ಮುನ್ನ ನೆಲವನ್ನು ಪರೀಕ್ಷಿಸಬೇಕೆಂದು ಕೇಳಲು ದಾರಿಯಿದೆಯೇ?

ಉತ್ತರ 1

ನೀವು ವರ್ಣಿಸಿರುವುದು ನವಶಿಲಾಯುಗದ ದನಗಾಹಿಗಳ ನೆಲೆಯಾಗಿರುವ ಸಾಧ್ಯತೆ ಹೆಚ್ಚು. ದೊಡ್ಡಿಯಲ್ಲಿ ಕೂಡಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಇಂಥ ದಿಬ್ಬಗಳು ಬೆಳೆದವು. ಉರಿ ಬಲವಾದ ಕಡೆ ಬೂದಿಯೇ ಕರಗಿ ಗಾಜಿನಂತಾಯಿತು. ಹಂಪಿಯ ಬಳಿ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತೆಯ ಬೂದಿಯೆಂದು ನಂಬಿದ್ದಾರೆ. ಪುರಾತತ್ವಜ್ಞ ಆಲ್ಚಿನ್ ಅವರು 1957ರಲ್ಲಿ, ಈಗಿನ ತೆಲಂಗಾಣಕ್ಕೆ ಸೇರಿದ ಉಟ್ನೂರಿನ ದಿಬ್ಬವನ್ನು ಅಗೆದಾಗ ಬೇಲಿಯ ಕಂಬಗಳ ಕುಳಿಗಳ ಜೊತೆಗೆ ದನದ ಗೊರಸಿನ ಗುರುತುಗಳೂ ಹಾಗೆಯೇ ಉಳಿದಿದ್ದವು.

ಗೂಟಗಳು ದಿಬ್ಬವನ್ನು ತಪ್ಪಿಸಿವೆಯೆಂದು ದಯವಿಟ್ಟು ಸಮಾಧಾನಪಡಬೇಡಿ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರು ದಿಬ್ಬದ ಪಕ್ಕದ ನೆಲವನ್ನು ಅಗೆಸಿದಾಗಲೇ ಮನೆಗಳ ನೆಲಗಟ್ಟು, ಮಕ್ಕಳ ಸಮಾಧಿಗಳು, ದನಗಳನ್ನು ಕೊಯ್ಯುತ್ತಿದ್ದ ಜಾಗ ಬೆಳಕಿಗೆ ಬಂದದ್ದು. ದಿಬ್ಬ ದನಗಳದ್ದು, ಅಂಚು ಜನರದ್ದು. ನಿಮ್ಮ ರಸ್ತೆ ಹಾಯುವುದು ಆ ಅಂಚಿನಲ್ಲಿ.

ಉತ್ತರ 2

ಕಾನೂನಿನ ಬಲ ಇಲ್ಲಿ ಕಡಿಮೆ. ಪುರಾತನ ಸ್ಮಾರಕಗಳ ಕುರಿತ 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ನಿರ್ಮಾಣಕ್ಕೆ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಇರುವುದು ಸಂರಕ್ಷಿತ ಸ್ಮಾರಕ ಮತ್ತು ನೆಲೆಗಳಿಗೆ ಮಾತ್ರ. ಆದರೂ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಸಿ ಕಲಮಿನಡಿ, ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಜಮೀನಿನಲ್ಲಿ ಹಿತಾಸಕ್ತಿಯುಳ್ಳವರು ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಆದ್ದರಿಂದ ಅರ್ಜಿಗೆ ನಿಮ್ಮ ದೊಡ್ಡಪ್ಪನವರೇ ಸಹಿ ಮಾಡಲಿ. ಸರ್ವೆ ನಂಬರು ಮತ್ತು ಚಿತ್ರಗಳೊಂದಿಗೆ ಒಂದು ಪ್ರತಿಯನ್ನು ರಾಜ್ಯ ಪುರಾತತ್ವ ಇಲಾಖೆಗೂ ಕಳುಹಿಸಿರಿ.

ಉತ್ತರ 3

ನಾನು ಇಂಗ್ಲೆಂಡಿನಲ್ಲಿ ನೆಲೆಸಿದ್ದೇನೆ. ಇಲ್ಲಿ ಕೇಂಬ್ರಿಜ್ ಬಳಿಯ ಎ14 ಹೆದ್ದಾರಿಯನ್ನು ಹೊಸದಾಗಿ ಕಟ್ಟುವ ಮುನ್ನ ಇಂಥ ಪರೀಕ್ಷೆ ಬಹಳ ವಿಸ್ತಾರವಾಗಿ ನಡೆಯಿತು. ಮೊದಲು ಉತ್ತ ಹೊಲದಲ್ಲಿ ಸಾಲು ಹಿಡಿದು ನಡೆದು ಮಡಕೆ ಚೂರುಗಳಂಥವನ್ನು ಗುರುತಿಸುತ್ತಾರೆ. ಆಮೇಲೆ ಅಲ್ಲಲ್ಲಿ ಉದ್ದನೆಯ ಕಿರುಗುಂಡಿಗಳನ್ನು ತೆಗೆಯುತ್ತಾರೆ. ಯಂತ್ರಕ್ಕೆ ಹಲ್ಲಿಲ್ಲದ ಬಕೆಟ್ ಹಾಕಿ ಮೇಲ್ಮಣ್ಣನ್ನು ತೆಳುವಾಗಿ ಹೆರೆದಾಗ ಹಳೆಯ ಕಂಬದ ಕುಳಿಯೊಂದು ತಿಳಿಮಣ್ಣಿನ ನಡುವೆ ತಟ್ಟೆಯಗಲದ ಕಪ್ಪು ವೃತ್ತವಾಗಿ ಕಾಣುತ್ತದೆ. ಹಲ್ಲಿನ ಬಕೆಟ್ಟಾದರೆ ಆ ವೃತ್ತ ಕೆದರಿಹೋಗುತ್ತದೆ.

ಮತ್ತೊಂದು ಮಾತನ್ನು ಅರ್ಜಿಯಲ್ಲಿ ಸೇರಿಸಿರಿ. ರಸ್ತೆಯ ಏರಿಗೆ ಮಣ್ಣು, ಗರಸು ತೆಗೆಯುವ ಜಾಗಗಳನ್ನೂ ಮೊದಲೇ ಪರೀಕ್ಷಿಸಬೇಕು. ರಸ್ತೆ ಮುಟ್ಟದ ದಿಬ್ಬವೂ ಲಾರಿಗಳಲ್ಲಿ ಹೋಗಿಬಿಡಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ದೊಡ್ಡಪ್ಪನವರು ಸಹಿ ಹಾಕಲು ಒಪ್ಪಿದ್ದಾರೆ. ಇನ್ನು 13 ದಿನಗಳಿವೆ. ಭಾನುವಾರ ಗೂಟದಿಂದ ಗೂಟಕ್ಕೆ ಅಳೆದು, ಬೋಕಿಗಳನ್ನು ಬಿದ್ದಲ್ಲೇ ಬಿಟ್ಟು ಚಿತ್ರ ತೆಗೆಯುತ್ತೇವೆ.