6 ಅಡಿ ಬೇಲಿ ಇದ್ರೂ ಕಯೋಟಿ ಒಳಗೆ ಬರೋದು ಹೇಗೆ

ಶೈಲಕ್ಕ, ನಿಮ್ಮ ಮೆಸೇಜ್ ನೋಡಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್‌ನಲ್ಲಿ ಗುಡ್ಡಕ್ಕೆ ಅಂಟಿದ ಮನೆ, 6 ಅಡಿ ಮರದ ಬೇಲಿ, ಮನೇಲಿ ಒಂದು ಶಿಟ್ಜು (ಪುಟ್ಟ ಜಾತಿ ನಾಯಿ), ಒಂದು ಬೆಕ್ಕು. ಬೆಳಗಿನ ಜಾವ ಕಯೋಟಿ (ತೋಳದ ಜಾತಿಗೆ ಸೇರಿದ, ನರಿ ಥರದ ಕಾಡುಪ್ರಾಣಿ) ಹಿತ್ತಲಲ್ಲಿ ಓಡಾಡಿದ್ದು ಕ್ಯಾಮೆರಾದಲ್ಲಿ ಬಂದಿದೆ, ಬೇಲಿ ಹೇಗೆ ದಾಟಿತು ಅಂತ ಕೇಳಿದ್ದೀರಿ. ಸ್ವಲ್ಪ ಉದ್ದ ಆಗುತ್ತೆ, ಕೇಳಿ.

ಅಷ್ಟೆತ್ತರದ ಬೇಲೀನ ಅದು ಒಂದೇ ನೆಗೆತಕ್ಕೆ ಹಾರಬೇಕಂತಿಲ್ಲ, ಹತ್ತುತ್ತೆ. ಮುಂಗಾಲು ತುದಿಗೆ ಸಿಕ್ಕಿಸಿ, ಹಿಂಗಾಲಲ್ಲಿ ಹಲಗೆ ಒದ್ದು ಮೇಲೆ ಬರುತ್ತೆ. ಹಾಗಾಗಿ ತುದೀಲಿ ಹಿಡಿತ ತಪ್ಪಿಸಬೇಕು. ಅದಕ್ಕೆ ಬೇಲಿ ತುದಿಗೆ ಹಾಕೋ ಉರುಳೋ ಪೈಪ್, ಕಯೋಟಿ ರೋಲರ್ ಅಂತ, ರೆಡಿಮೇಡ್ ಸಿಗುತ್ತೆ, ಕಾಲಿಟ್ಟ ಕೂಡಲೇ ತಿರುಗುತ್ತೆ. ಮನೇಲೇ ಮಾಡೋದಾದ್ರೆ 1 ಇಂಚಿನ ಪಿವಿಸಿ ಪೈಪ್ ಒಳಗೆ ಸ್ಟೀಲ್ ವೈರ್ ತೂರಿಸಿ, ಆ ಪೈಪ್ ಮೇಲೆ 3 ಇಂಚಿನ ಪೈಪ್ ಹಾಕಿ, ವೈರಿನ ಎರಡೂ ತುದೀನ ಎಲ್ ಬ್ರಾಕೆಟ್‌ಗೆ ಎಳೆದು ಬಿಗಿ ಮಾಡಿ. ತುಂಡುಗಳು 4–5 ಅಡಿ ಇರಲಿ. ಉದ್ದ ಜಾಸ್ತಿ ಆದ್ರೆ ವೈರ್ ಜೋಲುತ್ತೆ, ಪೈಪ್ ತಿರುಗದೆ ನಿಂತುಬಿಡುತ್ತೆ, ಆಗ ಅದೇ ಒಳ್ಳೆ ಮೆಟ್ಟಿಲು. ಎರಡು ತುಂಡಿನ ಮಧ್ಯೆ ಅಂಗೈಯಗಲ ಸಂದಿ ಬಿಟ್ರೂ ಕಾಲು ಅಲ್ಲೇ ಊರುತ್ತೆ. ಗೇಟ್ ಮೇಲೆ ಹಾಕೋದನ್ನ ಸುಮಾರು ಜನ ಮರೀತಾರೆ. ಬೇಲಿಗೆ ಒರಗಿಸಿರೋ ಕಸದ ಡಬ್ಬಿ, ಸೌದೆ ರಾಶಿ, ಕುಂಡದ ಸ್ಟ್ಯಾಂಡ್ ಎಲ್ಲ ದೂರ ಸರಿಸಿ. ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಇದ್ರೆ ಮೊದಲು ಕೇಳ್ಕೊಳ್ಳಿ.

ಬುಡದಲ್ಲಿ ಕೆರೆದು ನುಗ್ಗದ ಹಾಗೆ ವೆಲ್ಡೆಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ) ಹಾಕಿ: ನೆಲದೊಳಗೆ 1 ಅಡಿ, ಅಲ್ಲಿಂದ ಹೊರಗಡೆಗೆ ಇನ್ನೊಂದು ಅಡಿ ಮಡಚಿರಬೇಕು. ಅದು ಬೇಲಿ ಬುಡದಲ್ಲೇ ತೋಡೋದು, ಕಾಲಿಗೆ ಮೆಶ್ ಸಿಕ್ಕಿದ್ರೆ ಬಿಟ್ಟು ಹೋಗುತ್ತೆ.

ಇಷ್ಟೆಲ್ಲ ಮಾಡಿ, ಒಳಗೆ ಊಟ ಇಟ್ರೆ ಏನು ಪ್ರಯೋಜನ? ಉದುರಿದ ಅಂಜೂರ, ಪರ್ಸಿಮನ್ ದಿನಾ ಆರಿಸಿ. ಬರ್ಡ್ ಫೀಡರ್‌ನಿಂದ ಚೆಲ್ಲಿದ ಕಾಳಿಗೆ ಇಲಿ ಬರುತ್ತೆ, ಇಲಿಗೆ ಕಯೋಟಿ. ಕಾಂಪೋಸ್ಟ್‌ಗೆ ಬೇಯಿಸಿದ ಅನ್ನ, ಸಾರು ಬೇಡ. ಅಮಾವಾಸ್ಯೆಗೆ, ಶ್ರಾದ್ಧಕ್ಕೆ ಕಾಗೆಗಿಡೋ ಅನ್ನಾನೂ ಅಷ್ಟೇ: ಹಗಲಲ್ಲಿ ಎತ್ತರದಲ್ಲಿಡಿ, ಕಾಗೆ ತಿಂದು ಉಳಿದದ್ದನ್ನ ಕತ್ತಲಾಗೋ ಮುಂಚೆ ತೆಗೆದುಬಿಡಿ. ಇಲಿ ಪಾಷಾಣ ಮಾತ್ರ ಇಡಲೇಬೇಡಿ, ಆ ಇಲೀನ ನಿಮ್ಮ ಬೆಕ್ಕೇ ಹಿಡೀಬಹುದು.

ಶಿಟ್ಜುಗೆ 6 ಅಡಿಯ ಮಾಮೂಲಿ ಲೀಶ್ ಸಾಕು. ಎಳೆದಷ್ಟೂ ಉದ್ದವಾಗೋ ರಿಟ್ರಾಕ್ಟಬಲ್ ಲೀಶ್ ಬೇಡ, ನಾಯಿ 15 ಅಡಿ ಮುಂದಿದ್ರೆ ಹತ್ತಿರ ಎಳ್ಕೊಳ್ಳೋಕೆ ಟೈಮೇ ಸಿಗಲ್ಲ. ರಾತ್ರಿ ಸೂಸೂಗೆ ಬಿಡೋವಾಗ ಮೊದಲು ಟಾರ್ಚ್ ಹಾಕಿ ಹಿತ್ತಲು ನೋಡಿ, ಆಮೇಲೆ ನೀವೂ ಜೊತೆಗೇ ಹೋಗಿ. ಡಾಗ್ ಡೋರ್ ಇದ್ರೆ ಸೂರ್ಯ ಮುಳುಗಿದ ಮೇಲೆ ಲಾಕ್. ಸೆನ್ಸರ್ ಲೈಟ್‌ಗೆ ಕಯೋಟಿಗಳು ಬೇಗ ಒಗ್ಗಿಕೊಳ್ತವೆ. ಸೆನ್ಸರ್ ಇರೋ ಸ್ಪ್ರಿಂಕ್ಲರ್ ವಾಸಿ, ಆಗಾಗ ಜಾಗ ಬದಲಾಯಿಸ್ತಿರಿ.

ದಾರೀಲಿ ಎದುರಾದ್ರೆ ನಾಯೀನ ಎತ್ಕೊಳ್ಳಿ, ಓಡಬೇಡಿ, ಬೆನ್ನು ತೋರಿಸಬೇಡಿ. ಕೈ ಎತ್ತಿ ಜೋರಾಗಿ ಗದರಿಸಿ, ಅದು ಪೂರ್ತಿ ಹೋಗೋವರೆಗೂ ನಿಲ್ಲಿಸಬೇಡಿ. ಅರ್ಧಕ್ಕೆ ಬಿಟ್ರೆ ಇವರದ್ದು ಇಷ್ಟೇ ಅಂತ ಕಲಿತುಬಿಡುತ್ತೆ. ಊರಿಂದ ಬಂದ ಅಪ್ಪ ಅಮ್ಮ ವಾಕಿಂಗ್ ಕರ್ಕೊಂಡು ಹೋಗೋದಾದ್ರೆ ಬಟನ್ ಒತ್ತಿದ್ರೆ ತೆರೆಯೋ ಛತ್ರಿ ಕೊಡಿ, ಕಯೋಟಿ ಮುಖಕ್ಕೆ ಪಟ್ ಅಂತ ಬಿಚ್ಚಿದ್ರೆ ಬೆದರುತ್ತೆ. ಏಪ್ರಿಲ್–ಮೇನಲ್ಲಿ ಮರಿ ಹಾಕ್ತವೆ. ಆಗಿಂದ ಬೇಸಿಗೆ ಮುಗಿಯೋವರೆಗೂ ದೊಡ್ಡ ನಾಯಿ ಹಿಂದೇನೂ ಬರ್ತವೆ, ಗೂಡಿನ ಕಡೆಯಿಂದ ದೂರ ಕಳಿಸೋಕೆ. ಅಲ್ಲಿ ಗದರಿಸೋದು ಬೇಡ, ಮುಖ ಅದರ ಕಡೆಗಿಟ್ಟು ಹಿಂದಕ್ಕೆ ನಡೀರಿ, ಆ ಟ್ರೇಲ್ ಸ್ವಲ್ಪ ತಿಂಗಳು ಬಿಡಿ.

ಬೆಕ್ಕು ಮನೆಯೊಳಗೇ ಇರಲಿ. ಹೊರಗೆ ಬೇಕೇ ಬೇಕಂದ್ರೆ ಮೇಲ್ಛಾವಣಿ ಇರೋ ಕ್ಯಾಟಿಯೋ (ಬೆಕ್ಕಿಗಂತ ಹೊರಗೆ ಕಟ್ಟೋ ಜಾಲರಿ ಗೂಡು), ಅದಕ್ಕೂ ವೆಲ್ಡೆಡ್ ಮೆಶ್. ಕೋಳಿ ಗೂಡಿನ ತೆಳು ಜಾಲರಿ ಹರಿದುಹೋಗುತ್ತೆ.

ಅಕಸ್ಮಾತ್ ನಾಯೀನೋ ಬೆಕ್ಕನ್ನೋ ಕಚ್ಚಿದ್ರೆ ಮೇಲೆ ಸಣ್ಣ ತೂತು ಅಂತ ಸುಮ್ಮನಿರಬೇಡಿ. ಹಿಡಿದು ಅಲ್ಲಾಡಿಸಿದಾಗ ಚರ್ಮದ ಒಳಗೆ ಸ್ನಾಯು ಹರಿದಿರುತ್ತೆ, ಕೂದಲಲ್ಲಿ ಕಾಣಲ್ಲ. ಗ್ಲೌಸ್ ಹಾಕಿ ಮುಟ್ಟಿ, ತಕ್ಷಣ ಎಮರ್ಜೆನ್ಸಿ ವೆಟ್ ಹತ್ತಿರ ಹೋಗಿ, ರೇಬೀಸ್ ಬೂಸ್ಟರ್ ಕೇಳಿ.

ಹಿಡಿದು ಬೇರೆ ಕಡೆ ಬಿಡಿಸೋಣ ಅಂತ ಗ್ರೂಪಲ್ಲಿ ಯಾರೋ ಹೇಳಿದ್ರಲ್ಲ, ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಬಿಡೋಕೆ ಕಾನೂನು ಒಪ್ಪಲ್ಲ, ಖಾಲಿ ಜಾಗಕ್ಕೆ ಇನ್ನೊಂದು ಬಂದೇ ಬರುತ್ತೆ. ಆದ್ರೆ ಗದರಿಸಿದ್ರೂ ಜಗ್ಗದೆ ಜನರ ಹತ್ತಿರಕ್ಕೇ ಬಂದ್ರೆ ಅನಿಮಲ್ ಕಂಟ್ರೋಲ್‌ಗೆ ಫೋನ್ ಮಾಡ್ಲೇಬೇಕು. ಈಗ ಬೇಲಿಯ ಒಟ್ಟು ಉದ್ದ ಅಳೆದು, ಗೇಟಿಂದು ಒಂದು ಫೋಟೋ ಹಾಕಿ, ಪೈಪ್ ಎಷ್ಟು ಬೇಕು ಲೆಕ್ಕ ಹಾಕಿ ಹೇಳ್ತೀನಿ.