ಬದಲಿ ಸೆಲ್ಫ್ ಮೋಟಾರನ್ನು ಕೂಡಿಸುವ ಮುನ್ನ

ವಿಜಯಪುರದಿಂದ ಪ್ರಶ್ನೆ:

ನಮ್ಮ ತಂದೆಯವರು 1984ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 4 ಪೆಟ್ರೋಲ್ ಕಾರಿನ ಸೆಲ್ಫ್ ಬಹಳ ನಿಧಾನವಾಗಿ ತಿರುಗುತ್ತಿದೆ. ರಿಪೇರಿ ಮಾಡಿದ ಬದಲಿ ಮೋಟಾರೊಂದನ್ನು ತರಿಸಿದ್ದೇನೆ. ಕೂಡಿಸುವ ಮೊದಲು ಅದನ್ನು ಪರೀಕ್ಷಿಸುವುದು ಹೇಗೆ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಬೆಳಗಾವಿಯಿಂದ ಉತ್ತರ:

ಮಾನ್ಯರೇ, 1489 ಸಿಸಿ ಎಂಜಿನ್ನಿನ ಇದೇ ಮಾರ್ಕ್ 4 ನನ್ನ ಬಳಿಯೂ ಇದೆ. ಬಿಚ್ಚಿಟ್ಟ ಮೋಟಾರಿಗೆ ಕರೆಂಟ್ ಕೊಡುವ ಮೊದಲು ಅದನ್ನು ವೈಸಿನಲ್ಲಿ ಬಿಗಿಯಾಗಿ ಹಿಡಿಸಿರಿ. ಕೇಬಲ್ ತಾಗಿದ ಕ್ಷಣವೇ ಅದು ಜಿಗಿಯುವ ರಭಸಕ್ಕೆ ಕೈಯ ಹಿಡಿತ ಸಾಲುವುದಿಲ್ಲ. ದಪ್ಪನೆಯ ಜಂಪರ್ ಕೇಬಲ್ಲನ್ನೇ ಬಳಸಿ, ಮೈನಸ್ಸನ್ನು ಮೋಟಾರಿನ ಮೈಗೂ ಪ್ಲಸ್ಸನ್ನು ಟರ್ಮಿನಲ್ಲಿಗೂ ಕೊಡಿ. ಕೊನೆಯ ಜೋಡಣೆ ಮೋಟಾರಿನ ಕಡೆಯೇ ಇರಲಿ, ಏಕೆಂದರೆ ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ನಿಗೆ ಕಿಡಿ ತಾಗುವುದು ಅಪಾಯ. ಲೋಡ್ ಇಲ್ಲದೆ ಇಂತಹ ಮೋಟಾರಿನ ವೇಗ ಏರುತ್ತಲೇ ಹೋಗುವುದರಿಂದ ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ತಿರುಗಿಸಬಾರದು.

ಆದರೆ ಮೇಜಿನ ಮೇಲೆ ಚೆನ್ನಾಗಿ ತಿರುಗಿದ ಮೋಟಾರು ಎಂಜಿನ್ನನ್ನೂ ತಿರುಗಿಸುತ್ತದೆ ಎಂದು ದಯವಿಟ್ಟು ನಂಬಬೇಡಿ. ನಾನು ಹಾಗೆ ನಂಬಿ ಎರಡು ವಾರ ಕಳೆದುಕೊಂಡೆ. ಅಂಗಡಿಯಲ್ಲಿ ನನ್ನೆದುರೇ ಭರ್ರನೆ ತಿರುಗಿದ ಮೋಟಾರು ಗಾಡಿಗೆ ಕೂಡಿಸಿದ ಮೇಲೆ ಹಳೆಯದರಂತೆಯೇ ತಿಣುಕಿತು. ಅದನ್ನು ಹಿಂದಿರುಗಿಸಿ ಇನ್ನೊಂದು ತಂದರೆ ಅದರದೂ ಅದೇ ಪಾಡು. ಮೂರನೆಯ ಸಲ ಸೆಲ್ಫ್ ಹೊಡೆದಾಗ ಚೋಕ್ ಎಳೆಯಲು ಹೋದ ನನ್ನ ಬೆರಳು ಚುರ್ರೆಂದಿತು. ಚೋಕಿನ ತಂತಿ ಕಾದ ಹಂಚಿನಂತಾಗಿತ್ತು.

ಕಾರಣ ಆಗ ಹೊಳೆಯಿತು. ಎಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕುಳಿತಿರುವುದರಿಂದ ಮೋಟಾರಿನ ಕರೆಂಟ್ ಚಾಸಿಗೆ ಮರಳಲು ಹೆಣೆದ ಅರ್ಥ್ ಪಟ್ಟಿಯೊಂದೇ ಸರಿಯಾದ ದಾರಿ. ಆ ಪಟ್ಟಿ ಕೆಟ್ಟರೆ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ, ಅದು ಚೋಕಿನ ತಂತಿಯಾದರೂ ಸರಿ. ಪಟ್ಟಿಯನ್ನು ಬಿಚ್ಚಿ ನೋಡಿದರೆ ಲಗ್ಗಿನ (ಪಟ್ಟಿಯ ತುದಿಯಲ್ಲಿ ಬೋಲ್ಟ್ ಹಾಕುವ ಲೋಹದ ತುಂಡಿನ) ಒಳಗೆ ಹಸಿರು ಕಿಲುಬು ಹಿಡಿದು ಅರ್ಧಕ್ಕರ್ಧ ಎಳೆಗಳು ತುಂಡಾಗಿದ್ದವು. ಮೀಟರ್ ಇಟ್ಟು ಅಳೆದಾಗ, ಸೆಲ್ಫ್ ಹೊಡೆಯುವ ಹೊತ್ತಿನಲ್ಲಿ ಬ್ಯಾಟರಿಯ ಮೈನಸ್ಸಿಗೂ ಎಂಜಿನ್ ಬ್ಲಾಕಿಗೂ ನಡುವೆ 1.9 ವೋಲ್ಟ್ ಕಂಡಿತ್ತು. ಹೊಸ ಪಟ್ಟಿ ಹಾಕಿದ ಮೇಲೆ ಅದು 0.2ಕ್ಕೆ ಇಳಿಯಿತು. ಕೆಟ್ಟಿದೆಯೆಂದು ತೆಗೆದಿಟ್ಟಿದ್ದ ನನ್ನ ಮೊದಲ ಮೋಟಾರೇ ಈಗಲೂ ಗಾಡಿಯಲ್ಲಿದೆ.

ಆದ್ದರಿಂದ ಹೊಸದನ್ನು ಕೂಡಿಸುವ ಮುನ್ನ ಹಳೆಯ ಮೋಟಾರು ಗಾಡಿಯಲ್ಲಿರುವಾಗಲೇ ಈ ಅಳತೆ ಮಾಡಿಕೊಳ್ಳಿ. ಗೇರ್ ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಎಂಜಿನ್ ಶುರುವಾಗದಂತೆ ಇಗ್ನಿಷನ್ ಕಾಯಿಲಿಗೆ ಬರುವ ತಂತಿಯನ್ನು ಬಿಚ್ಚಿಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಪ್ಲಸ್ ಕಡೆಯ ಕೇಬಲ್ಲು ಮತ್ತು ಸ್ವಿಚ್ಚಿನಲ್ಲಿ ಒಟ್ಟಾರೆ ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟವಾಗುತ್ತಿದ್ದರೆ ಮೊದಲು ಅದನ್ನೇ ಸರಿಪಡಿಸಿ. ರಿಪೇರಿ ಮೋಟಾರಿಗೆ ಅಂದ ಕಾಣಲೆಂದು ಬಳಿದ ಬಣ್ಣ ಫ್ಲಾಂಜಿನ (ಎಂಜಿನ್ನಿಗೆ ಬೋಲ್ಟ್ ಹಾಕಿ ಕೂಡಿಸುವ ಅಂಚಿನ) ಮುಖದ ಮೇಲೂ ಇದ್ದರೆ, ಪಾಲಿಶ್ ಪೇಪರಿನಿಂದ ಲೋಹ ಕಾಣುವವರೆಗೆ ಉಜ್ಜಿರಿ. ಅರ್ಥ್ ಸಿಗಬೇಕಾದದ್ದು ಆ ಮುಖದಿಂದಲೇ.

ಬಾಗಲಕೋಟೆಯಿಂದ ಇನ್ನೊಂದು ಮಾತು:

ಬೆಳಗಾವಿಯವರು ಹೇಳಿದ್ದು ನನ್ನ ಅನುಭವಕ್ಕೂ ಹೊಂದುತ್ತದೆ. ಅದರ ಜೊತೆಗೆ ಎರಡೂ ಮೋಟಾರುಗಳನ್ನು ಪಕ್ಕದಲ್ಲಿಟ್ಟು ಪಿನಿಯನ್ನಿನ (ಮೋಟಾರಿನ ತುದಿಯ ಚಿಕ್ಕ ಹಲ್ಲುಚಕ್ರದ) ಹಲ್ಲುಗಳನ್ನು ಎಣಿಸಿರಿ, ತಿರುಗುವ ದಿಕ್ಕನ್ನೂ ಹೋಲಿಸಿರಿ. ದಿಕ್ಕು ತಪ್ಪಿದ್ದರೆ ಪ್ಲಸ್ ಮೈನಸ್ ಅದಲುಬದಲು ಮಾಡಿ ಪ್ರಯೋಜನವಿಲ್ಲ. ಸೀರೀಸ್ ಮೋಟಾರಿನಲ್ಲಿ ಫೀಲ್ಡ್ ಕಾಯಿಲ್ (ಅಲುಗಾಡದ ಸುರುಳಿ) ಮತ್ತು ಆರ್ಮೇಚರ್ (ತಿರುಗುವ ಭಾಗ) ಎರಡರಲ್ಲೂ ಕರೆಂಟ್ ಒಟ್ಟಿಗೇ ತಿರುಗುಮುರುಗಾಗುವುದರಿಂದ ಅದು ಅದೇ ದಿಕ್ಕಿಗೆ ತಿರುಗುತ್ತದೆ. ಮೋಟಾರಿನ ಮೈಮೇಲೆ ಸೊಲೆನಾಯ್ಡ್ (ಪಿನಿಯನ್ನನ್ನು ಮುಂದೆ ತಳ್ಳುವ ವಿದ್ಯುತ್ ಸ್ವಿಚ್) ಇಲ್ಲದೆ ಬೆಂಡಿಕ್ಸ್ ಗೇರ್ (ಮೋಟಾರು ತಿರುಗಿದಾಗ ಪಿನಿಯನ್ ಆಟೆಗಳ ಮೇಲೆ ತಾನೇ ಮುಂದೆ ಸರಿಯುವ ಏರ್ಪಾಟು) ಇದ್ದರೆ, ಅದರ ಆಟೆಗಳನ್ನು ಪೆಟ್ರೋಲಿನಲ್ಲಿ ತೊಳೆದು ಪೂರ್ತಿ ಒಣಗಿಸಿರಿ. ಗ್ರೀಸ್ ಹಚ್ಚಿದರೆ ಕ್ಲಚ್ಚಿನ ಧೂಳು ಕೂತು ಪಿನಿಯನ್ ಮುಂದೆ ಸರಿಯುವುದಿಲ್ಲ. ಹಳೆಯ ಮೋಟಾರನ್ನು ಬದಲಿಗೆಂದು ಅಂಗಡಿಗೆ ಒಪ್ಪಿಸುವ ಮೊದಲೇ ಈ ಹೋಲಿಕೆಯನ್ನು ಮುಗಿಸಿಕೊಳ್ಳಿ.